ರೋಗಿಯ ಇ-ಸಹಿ: ಒಪ್ಪಿಗೆ ಪತ್ರ ಯಾರ ಸರ್ವರ್‌ನಲ್ಲಿ ಉಳಿಯುತ್ತದೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ದವಾಖಾನೆ ಇದೆ. ನವಲಗುಂದ, ಗದಗ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಆಧಾರ್ ಒಟಿಪಿಯ ಇ-ಸಹಿ ಪಡೆಯಬೇಕೆಂದಿದ್ದೇವೆ. ಸೇವೆ ಕೊಡುವ ಕಂಪನಿಯವರು ‘ನಿಮ್ಮ ದಾಖಲೆ ಎಲ್ಲಿಯೂ ಹೋಗುವುದಿಲ್ಲ, ಹ್ಯಾಶ್ ಮಾತ್ರ ಹೋಗುತ್ತದೆ’ ಅನ್ನುತ್ತಾರೆ. ನಂಬಬಹುದೇ?

ಉತ್ತರ: ಅವರು ಹೇಳಿದ್ದು ಅರ್ಧ ನಿಜ. ಆಧಾರ್ ಇ-ಸಹಿಯಲ್ಲಿ, ಸಹಿ ಯಾರದೆಂದು ಹೇಳುವ ಪ್ರಮಾಣಪತ್ರ ಕೊಡಲು ಪರವಾನಗಿ ಪಡೆದ ಸಂಸ್ಥೆಗೆ ಪಿಡಿಎಫ್ ಹೋಗುವುದಿಲ್ಲ. ಅದರಿಂದ ಲೆಕ್ಕ ಹಾಕಿದ ಹ್ಯಾಶ್, ಅಂದರೆ ಅಂಕಿ-ಅಕ್ಷರಗಳ ಒಂದು ಸಾಲು, ಅಷ್ಟೇ ಹೋಗುತ್ತದೆ. ಅದರಿಂದ ರೋಗದ ಹೆಸರನ್ನು ಓದಲಾಗದು. ಆದರೆ ನಿಮಗೂ ಆ ಸಂಸ್ಥೆಗೂ ನಡುವೆ ಈ ಕಂಪನಿ ಇದೆಯಲ್ಲ, ಅದರ ವೆಬ್‌ಸೈಟಿಗೆ ನೀವು ಪಿಡಿಎಫ್ ಅಪ್‌ಲೋಡ್ ಮಾಡಿದರೆ ಇಡೀ ಪತ್ರ ಅದರ ಸರ್ವರ್‌ನಲ್ಲಿ ಕೂತಂತೆ. ಹಾಗಾಗಿ ಒಂದೇ ಪ್ರಶ್ನೆ ಕೇಳಿ: ಹ್ಯಾಶ್ ತಯಾರಾಗುವುದು ನಮ್ಮ ಕಂಪ್ಯೂಟರಿನಲ್ಲೋ, ನಿಮ್ಮ ಸರ್ವರ್‌ನಲ್ಲೋ? ಅವರ ಸರ್ವರ್‌ನಲ್ಲಿ ಅಂದರೆ, ಸಹಿಯಾದ ಪ್ರತಿಯನ್ನು ನೀವು ಇಳಿಸಿಕೊಂಡ ಮೇಲೆ ಎಷ್ಟು ದಿನಕ್ಕೆ ಅಳಿಸುತ್ತಾರೆ, ಬ್ಯಾಕಪ್‌ನಿಂದ ಯಾವಾಗ ಹೋಗುತ್ತದೆ ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲಸ ಹೊರಗಿನವರಿಗೆ ಒಪ್ಪಿಸಿದರೂ ಹೊಣೆ ದವಾಖಾನೆಯದೇ. ‘ಹಿಪಾ ಪ್ರಕಾರ ಸುರಕ್ಷಿತ’ ಎಂಬ ಮುದ್ರೆಗೆ ಮರುಳಾಗಬೇಡಿ, ಅದು ಅಮೆರಿಕದ ಕಾನೂನು.

ಗುಟ್ಟು ಫೈಲಿನ ಹೆಸರಿನಿಂದಲೂ ಸೋರುತ್ತದೆ. ಫೈಲಿಗೆ ರೋಗಿಯ ಹೆಸರು, ‘ಗರ್ಭಪಾತ ಒಪ್ಪಿಗೆ’ ಎಂದಿಟ್ಟರೆ ಅದೇ ಹೆಸರು ಇಮೇಲಿನ ವಿಷಯದ ಸಾಲಿಗೂ ಮೊಬೈಲಿನ ನೋಟಿಫಿಕೇಶನ್‌ಗೂ ಬರಬಹುದು, ಬೀಗ ಹಾಕಿದ ಪರದೆಯ ಮೇಲೆ ಮನೆಯವರೆಲ್ಲ ಓದುತ್ತಾರೆ. ಐಪಿ ನಂಬರ್ (ಒಳರೋಗಿಯ ನೋಂದಣಿ ಸಂಖ್ಯೆ) ಮತ್ತು ತಾರೀಖು ಇಟ್ಟರೆ ಸಾಕು. ಸಹಿಯಾದ ಪಿಡಿಎಫ್ ತಾನಾಗಿ ಎಲ್ಲರಿಗೂ ಮೇಲ್ ಆಗುವ ಸೆಟ್ಟಿಂಗ್ ಇದ್ದರೆ ಬಂದ್ ಮಾಡಿ. ರಿಸೆಪ್ಷನ್ನಿನ ಎಲ್ಲರಿಗೂ ಒಂದೇ ಲಾಗಿನ್ ಕೊಡಬೇಡಿ. ಕೊಟ್ಟರೆ ಯಾವ ಪತ್ರವನ್ನು ಯಾರು ತೆರೆದರೆಂದು ಪತ್ತೆಯೇ ಆಗದು.

ಇನ್ನು ಒಟಿಪಿ. ಅದು ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಹಳ್ಳಿಯಿಂದ ಬಂದ ಅಜ್ಜಿಯ ಆಧಾರ್‌ಗೆ ಮಗನ ಮೊಬೈಲ್ ಜೋಡಿಸಿರುವುದು ತೀರಾ ಸಾಮಾನ್ಯ. ಮಗ ಒಟಿಪಿ ಹೇಳಿದರೆ ಪ್ರಮಾಣಪತ್ರದಲ್ಲಿ ಅಜ್ಜಿಯ ಹೆಸರೇ ಬರುತ್ತದೆ, ಒಪ್ಪಿಗೆ ಮಾತ್ರ ಅಜ್ಜಿಯದಲ್ಲ. ಕಾಯಿಲೆಯೂ ಮಗನಿಗೆ ಗೊತ್ತಾಯಿತು. ಮೊಬೈಲ್ ರೋಗಿಯ ಕೈಯಲ್ಲೇ ಇಲ್ಲದಿದ್ದರೆ ಇ-ಸಹಿ ಬಿಡಿ. ಕನ್ನಡದಲ್ಲಿ ಓದಿ ಹೇಳಿ, ಕಾಗದದ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಸಾಕ್ಷಿ ಸಹಿ ತೆಗೆದುಕೊಳ್ಳಿ. ಮೊಬೈಲ್ ಇದ್ದವರಿಗೆ ಆಧಾರ್ ಸಂಖ್ಯೆಯ ಬದಲು 16 ಅಂಕಿಯ ವರ್ಚುವಲ್ ಐಡಿ ಬಳಸಲು ಹೇಳಿ. ಆಧಾರ್ ಜೆರಾಕ್ಸನ್ನು ಫೈಲಿಗೆ ಸಿಕ್ಕಿಸುವ ಅಗತ್ಯವಿಲ್ಲ.

ಸಹಿಯಾದ ಪಿಡಿಎಫ್ ತೆರೆದಾಗ ಹಸಿರು ಗುರುತಿನ ಬದಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಅದಕ್ಕೆ ಕಾರಣ, ಇಂಥ ಸಹಿಗಳಿಗೆಲ್ಲ ಬುಡವಾದ ಭಾರತದ ಮೂಲ ಪ್ರಮಾಣಪತ್ರವನ್ನು ನಿಮ್ಮ ಕಂಪ್ಯೂಟರ್ ಇನ್ನೂ ನಂಬದಿರುವುದು, ಅದನ್ನು ಒಮ್ಮೆ ಸೇರಿಸಿದರೆ ಸರಿಹೋಗುತ್ತದೆ. ಪ್ರಿಂಟ್ ತೆಗೆದು ಮೂಲ ಫೈಲ್ ಅಳಿಸಬೇಡಿ, ಕಾಗದಕ್ಕೆ ಬಂದ ಪ್ರತಿಯಲ್ಲಿ ಪರೀಕ್ಷಿಸಬಹುದಾದ ಸಹಿ ಉಳಿಯುವುದಿಲ್ಲ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ ಕನಿಷ್ಠ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆದ್ದರಿಂದ ಆ ಫೈಲ್ ಇರಬೇಕಾದದ್ದು ಪಾಸ್‌ವರ್ಡ್ ಇರುವ ನಿಮ್ಮದೇ ಡಿಸ್ಕ್‌ನಲ್ಲಿ, ಸಿಬ್ಬಂದಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅಲ್ಲ.