ವಯಲ್‌ನಲ್ಲಿ ಮಿಕ್ಕ ಔಷಧಿ

(ಮೈಸೂರಿನ ಆಸ್ಪತ್ರೆಗಳ ಫಾರ್ಮಸಿಯಲ್ಲಿ 24 ವರ್ಷ ದುಡಿದು, ಬಹುಕಾಲ ಕೀಮೋ ಔಷಧಿ ಮಿಕ್ಸ್ ಮಾಡಿದ ಫಾರ್ಮಸಿಸ್ಟ್ ಒಬ್ಬರು ಈ ಸಲ ಓದುಗರಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಅಮ್ಮನಿಗೆ ಮಲ್ಟಿಪಲ್ ಮೈಲೋಮಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ವಾರಕ್ಕೊಮ್ಮೆ ಮೈಸೂರಿಗೆ ಬಂದು ಬೋರ್ಟೆಜೊಮಿಬ್ ಇಂಜೆಕ್ಷನ್ ಹಾಕಿಸುತ್ತೇವೆ. 3.5 ಮಿಲಿಗ್ರಾಂ ವಯಲ್ (ಔಷಧಿಯ ಪುಟ್ಟ ಸೀಸೆ) ತರಿಸುತ್ತಾರೆ, ಕೊಡುವುದು 1.95 ಮಾತ್ರ. ಮಿಕ್ಕಿದ್ದನ್ನು ಐಸ್ ಡಬ್ಬಿಯಲ್ಲಿಟ್ಟು ಮುಂದಿನ ವಾರಕ್ಕೆ ಬಳಸಬಹುದಾ? — ಓದುಗರು, ಮದ್ದೂರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಆ ಪುಡಿಗೆ ಸಲೈನ್ ಬೆರೆಸಿದ ಮೇಲೆ ಎಂಟು ಗಂಟೆಯೊಳಗೆ ಕೊಟ್ಟು ಮುಗಿಸಬೇಕು. ಕ್ರಿಮಿ ಬೆಳೆಯದಂತೆ ತಡೆಯುವ ಪದಾರ್ಥ ಅದರಲ್ಲಿ ಇಲ್ಲ. ಅಮ್ಮನಿಗೆ ಮೊದಲೇ ಸೋಂಕು ತಡೆಯುವ ಶಕ್ತಿ ಕಡಿಮೆ ಇರುತ್ತದೆ, ಅಲ್ವಾ?

ಆದರೆ ನಿಮ್ಮ ಸಂಕಟ ನಿಜ. ವಯಲ್ ತೆರೆಯುವ ಮೊದಲೇ ಇದಕ್ಕೆ ದಾರಿ ಹುಡುಕಬೇಕು. ಡೋಸನ್ನು ಎತ್ತರ, ತೂಕ ಎರಡೂ ಸೇರಿಸಿ ಲೆಕ್ಕ ಹಾಕುತ್ತಾರೆ. 155 ಸೆಂಟಿಮೀಟರ್ ಎತ್ತರ, 52 ಕೆಜಿ ತೂಕ ಇದ್ದರೆ ಮೈಯ ಹೊರಮೈ ಅಳತೆ ಸುಮಾರು 1.5 ಚದರ ಮೀಟರ್. ಒಂದು ಚದರ ಮೀಟರ್‌ಗೆ 1.3 ಮಿಲಿಗ್ರಾಂ, ಹಾಗಾಗಿ 1.95. ನಿಮ್ಮ ಅಮ್ಮ ಹೆಚ್ಚು ಕಡಿಮೆ ಅಷ್ಟೇ ಇರಬೇಕು. ಇದೇ ಔಷಧಿ 2 ಮಿಲಿಗ್ರಾಂ ವಯಲ್‌ನಲ್ಲೂ ಸಿಗುತ್ತದೆ. ಅದನ್ನು ತೆಗೆದರೆ ಚೆಲ್ಲುವುದು 0.05 ಮಾತ್ರ. ದೊಡ್ಡದರಲ್ಲಿ 1.55 ಮಿಲಿಗ್ರಾಂ, ಅಂದರೆ ಹತ್ತಿರ ಹತ್ತಿರ ಅರ್ಧ ವಯಲ್, ಕಸಕ್ಕೆ ಹೋಗುತ್ತಿದೆ. ಇಂಜೆಕ್ಷನ್‌ಗೆ ಮೂರ್ನಾಲ್ಕು ದಿನ ಮುಂಚೆ ಫಾರ್ಮಸಿಗೆ ಫೋನ್ ಮಾಡಿ, 'ಎರಡರ ವಯಲ್ ತರಿಸಿಡಿ' ಅನ್ನಿ. ಆ ದಿನ ಬೆಳಿಗ್ಗೆ ಕೌಂಟರ್ ಮುಂದೆ ನಿಂತು ಕೇಳಿದರೆ ಇದ್ದದ್ದನ್ನೇ ಕೊಡುತ್ತಾರೆ.

ಇದು ನಮ್ಮೂರಿನದೊಂದೇ ಕಥೆಯಲ್ಲ. ಅಮೆರಿಕದಲ್ಲಿ ಬರೀ 20 ಕ್ಯಾನ್ಸರ್ ಔಷಧಿಗಳ ವಯಲ್‌ನಲ್ಲಿ ಮಿಕ್ಕಿದ್ದರಿಂದಲೇ ವರ್ಷಕ್ಕೆ 180 ಕೋಟಿ ಡಾಲರ್ ವ್ಯರ್ಥವಾಗುತ್ತಿದೆ ಎಂದು 2016ರಲ್ಲಿ ಅಲ್ಲಿನ ಸಂಶೋಧಕರು ಅಂದಾಜು ಮಾಡಿದ್ದರು. ಅಲ್ಲಿನ ಕ್ಯಾನ್ಸರ್ ಫಾರ್ಮಸಿಸ್ಟರ ಸಂಘ ಹೋಪಾ 2018ರಲ್ಲಿ ಒಂದು ಸಲಹೆ ಕೊಟ್ಟಿತು. ಡೋಸನ್ನು ಶೇ 10ರೊಳಗೆ ಹೆಚ್ಚು ಕಡಿಮೆ ಮಾಡಿ ವಯಲ್ ಅಳತೆಗೆ ಹೊಂದಿಸಬಹುದು ಎಂದು. ರಿಟುಕ್ಸಿಮ್ಯಾಬ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿ ನೋಡಿ. ಲೆಕ್ಕಕ್ಕೆ 619 ಮಿಲಿಗ್ರಾಂ ಬಂತು ಎನ್ನಿ. ಅದು ಸಿಗುವುದು 500 ಮತ್ತು 100ರ ವಯಲ್‌ನಲ್ಲಿ. 19 ಮಿಲಿಗ್ರಾಂಗೋಸ್ಕರ ಇನ್ನೊಂದು 100ರ ವಯಲ್ ಒಡೆಯಬೇಕಾ? 600ಕ್ಕೆ ಇಳಿಸಿದರೆ ವ್ಯತ್ಯಾಸ ಶೇ 3 ಮಾತ್ರ. ಇದನ್ನು ನಿರ್ಧರಿಸಬೇಕಾದವರು ಡಾಕ್ಟರು. ಆದರೆ ಫಾರ್ಮಸಿಸ್ಟ್ ಹೋಗಿ ಕೇಳಬೇಕು. ನಾನು ಕೇಳಿದಾಗಲೆಲ್ಲ ಬಹಳಷ್ಟು ಡಾಕ್ಟರು ಒಪ್ಪಿದ್ದಾರೆ.

ಪ್ರಶ್ನೆ: ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಟ್ರಾಸ್ಟುಜುಮ್ಯಾಬ್. ಪ್ರತಿ ಸಲ 440 ಮಿಲಿಗ್ರಾಂನ ಹೊಸ ವಯಲ್‌ಗೆ ಬಿಲ್ ಆಗುತ್ತದೆ. ಅವಳ ತೂಕ 55 ಕೆಜಿ. ಇದು ಸರಿಯಾ? — ಓದುಗರು, ಶ್ರೀರಂಗಪಟ್ಟಣ

ಉತ್ತರ: ಮೊದಲ ಡೋಸ್ ಬಿಟ್ಟರೆ ಕೆಜಿಗೆ 6 ಮಿಲಿಗ್ರಾಂ. ಅವರಿಗೆ ಬೇಕಾದದ್ದು 330, ಮಿಕ್ಕುವುದು 110. ಮೇಲಿನ ಔಷಧಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. 440ರ ವಯಲ್ ಜೊತೆ ಕ್ರಿಮಿ ತಡೆಯುವ ನೀರನ್ನು ಕಂಪನಿಯೇ ಕೊಡುತ್ತದೆ. ಅದರಲ್ಲಿ ಬೆರೆಸಿ 2ರಿಂದ 8 ಡಿಗ್ರಿ ಫ್ರಿಜ್‌ನಲ್ಲಿಟ್ಟರೆ 28 ದಿನ ಬಳಸಬಹುದು. ನಿಮ್ಮ ಮುಂದಿನ ಸರದಿ ಬರುವುದು 21ನೇ ದಿನಕ್ಕೆ! ಹಾಗಾಗಿ ಮಿಕ್ಕಿದ್ದು ಅವರಿಗೇ ಆಗುತ್ತದೆ. ನಾಲ್ಕು ಡೋಸ್‌ಗೆ ಒಟ್ಟು 1,320 ಮಿಲಿಗ್ರಾಂ. ಅದು ಸರಿಯಾಗಿ ಮೂರು ವಯಲ್. ನೀವು ನಾಲ್ಕಕ್ಕೆ ದುಡ್ಡು ಕಟ್ಟುತ್ತಿದ್ದೀರಿ.

ವಯಲ್ ಮೇಲೆ ಹೆಸರು, ತೆರೆದ ದಿನ, ಗಂಟೆ ಬರೆದು ಆಸ್ಪತ್ರೆಯ ಫ್ರಿಜ್‌ನಲ್ಲೇ ಇಡಿ ಎಂದು ಕೇಳಿ. ಮನೆಗೆ ತರಬೇಡಿ. ಬೇರೆ ನೀರಿನಲ್ಲಿ ಬೆರೆಸಿದರೆ ಈ 28 ದಿನದ ಲೆಕ್ಕ ನಡೆಯದು, ಅದನ್ನೂ ವಿಚಾರಿಸಿಕೊಳ್ಳಿ. ಮಿಕ್ಸ್ ಮಾಡಲು ಸರಿಯಾದ ಕ್ಯಾಬಿನೆಟ್ (ಶುದ್ಧ ಗಾಳಿಯ ಪೆಟ್ಟಿಗೆ) ಇಲ್ಲದ ಆಸ್ಪತ್ರೆ ಆಗುವುದಿಲ್ಲ ಅಂದರೆ ಒತ್ತಾಯ ಮಾಡಬೇಡಿ. ಅಲ್ಲಿ 150ರ ವಯಲ್ ಕೇಳಿ. ತೂಕ 50 ಕೆಜಿ ಇದ್ದವರಿಗೆ ಅಂಥ ಎರಡು ವಯಲ್ ಒಂದು ಹನಿಯೂ ಮಿಕ್ಕದಂತೆ ಸರಿಹೋಗುತ್ತವೆ.

ಪ್ರಶ್ನೆ: ರಕ್ತದ ರಿಪೋರ್ಟ್ ಸರಿಯಿಲ್ಲ ಎಂದು ಅಪ್ಪನ ಕೀಮೋ ಮುಂದೂಡಿದರು. ಔಷಧಿ ಆಗಲೇ ರೆಡಿ ಮಾಡಿದ್ದರಂತೆ. ಬಿಲ್ ಕಟ್ಟಿಸಿಕೊಂಡರು. — ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಪತ್ರ ಓದಿ ಹಳೆಯದೊಂದು ದಿನ ನೆನಪಾಯಿತು. ಆಗ ನಾನಿದ್ದ ಆಸ್ಪತ್ರೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಎಲ್ಲರ ಔಷಧಿ ಮಿಕ್ಸ್ ಮಾಡಿಡುವ ರೂಢಿ. ಪಾಂಡವಪುರದ ಕಡೆಯ ರೈತರೊಬ್ಬರಿಗೆ ಡೋಸೆಟಾಕ್ಸೆಲ್ ಎಂಬ ಕೀಮೋ ಔಷಧಿ ಮಿಕ್ಸ್ ಮಾಡಿದ್ದೆ. ಹನ್ನೊಂದಕ್ಕೆ ರಿಪೋರ್ಟ್ ಬಂತು. ಸೋಂಕು ತಡೆಯುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ 1,500 ಇರಬೇಕಾದದ್ದು 900 ಇತ್ತು. ಡಾಕ್ಟರು ಮುಂದೂಡಿದರು. ಆ ಔಷಧಿ ನಾಲ್ಕೈದು ಗಂಟೆಗಿಂತ ಜಾಸ್ತಿ ಇಡುವಂಥದ್ದಲ್ಲ. ಅವತ್ತು ಬೇರೆ ಯಾರಿಗೂ ಅದು ಇರಲಿಲ್ಲ. ಆಸ್ಪತ್ರೆ ಕಸದ ಹಳದಿ ಡಬ್ಬಕ್ಕೆ ಹಾಕಿದೆ. ಅವರ ಮಗ ಕಬ್ಬಿನ ಬಿಲ್ಲಿನ ದುಡ್ಡು ಹಿಡಿದುಕೊಂಡು ಬಂದು, 'ಸಾರ್, ಒಳಗೆ ಹೋಗದೇ ಇರೋ ಔಷಧಿಗೂ ಕಟ್ಟಬೇಕಾ?' ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಟ್ಟಿಸಿಕೊಂಡೆ. ಅದು ತಪ್ಪು. ಮಾರನೆಯ ದಿನದಿಂದ ರಿಪೋರ್ಟ್ ನೋಡಿ ಡಾಕ್ಟರು 'ಕೊಡಿ' ಎಂದು ಸಹಿ ಹಾಕುವವರೆಗೆ ನಾನು ಒಂದು ವಯಲನ್ನೂ ಮುಟ್ಟಲಿಲ್ಲ. ರೋಗಿಗಳು ಒಂದು ಗಂಟೆ ಜಾಸ್ತಿ ಕಾಯಬೇಕಾಯಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ನೀವು ಹಿಂದಿನ ದಿನವೇ ಮನೆ ಹತ್ತಿರದ ಲ್ಯಾಬ್‌ನಲ್ಲಿ ರಕ್ತ ಕೊಟ್ಟು, ರಿಪೋರ್ಟನ್ನು ಕೀಮೋ ಕೊಡುವ ಡೇ ಕೇರ್ ವಿಭಾಗಕ್ಕೆ ವಾಟ್ಸಾಪ್ ಮಾಡಿ. 'ಬನ್ನಿ' ಅಂದ ಮೇಲೆ ಹೊರಡಿ. ದೂರದ ಊರಿನವರಿಗೆ ಬಸ್ ಖರ್ಚೂ ಉಳಿಯುತ್ತದೆ. ಕಟ್ಟಿದ ಬಿಲ್ ಬಗ್ಗೆ ಆಸ್ಪತ್ರೆಯ ಆಡಳಿತಕ್ಕೆ ಲಿಖಿತವಾಗಿ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ಒಂದೇ ಔಷಧಿಗೆ ಅಂಗಡಿಯಿಂದ ಅಂಗಡಿಗೆ ಬೆಲೆ ಯಾಕೆ ಬೇರೆ? — ಓದುಗರು, ನಂಜನಗೂಡು

ಉತ್ತರ: ಕಂಪನಿ ಬೇರೆ, ರಿಯಾಯಿತಿ ಬೇರೆ. 2019ರಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಿಗಳ ಮಾರಾಟದ ಲಾಭಕ್ಕೆ ಶೇ 30ರ ಮಿತಿ ಹಾಕಿತು. ಆದರೂ ಎಮ್ಮಾರ್ಪಿ ನೋಡಿ ಸುಮ್ನೆ ಕಟ್ಟಬೇಡಿ. ಇದೇ ಔಷಧಿ ಬೇರೆ ಕಂಪನಿಯದು ಇದೆಯಾ ಎಂದು ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಗ್ಗೆ ಚಿಕಿತ್ಸೆ ಶುರುವಾಗುವ ಮೊದಲೇ ವಿಚಾರಿಸಿ.

ಪ್ರಶ್ನೆ: ಯಜಮಾನರು ಹೋಗಿ ಎರಡು ತಿಂಗಳಾಯಿತು. ಕೆಪೆಸಿಟಾಬಿನ್ ಎಂಬ ಕ್ಯಾನ್ಸರ್ ಮಾತ್ರೆ ನಾಲ್ಕು ಸ್ಟ್ರಿಪ್ ಮನೆಯಲ್ಲಿದೆ. ಯಾರಾದರೂ ಬಡವರಿಗೆ ಕೊಡಬಹುದಾ? ಎಸೆಯಲು ಮನಸ್ಸು ಬರುತ್ತಿಲ್ಲ. — ಓದುಗರು, ಮಂಡ್ಯ

ಉತ್ತರ: ಅಮ್ಮಾ, ನಿಮ್ಮ ಮನಸ್ಸು ದೊಡ್ಡದು. ಆದರೆ ನೀವಾಗಿ ಯಾರ ಕೈಗೂ ಕೊಡಬೇಡಿ. ಅವರ ಡೋಸ್ ಬೇರೆ, ಕಿಡ್ನಿ ಸ್ಥಿತಿ ಬೇರೆ ಇರುತ್ತದೆ. ಕಸದ ಬುಟ್ಟಿಗೂ ಹಾಕಬೇಡಿ, ನಾಲೆಗೂ ಎಸೆಯಬೇಡಿ. ಚಿಕಿತ್ಸೆ ಕೊಡಿಸಿದ ಆಸ್ಪತ್ರೆಯ ಫಾರ್ಮಸಿಗೆ ಫೋನ್ ಮಾಡಿ, ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಕೇಳಿ. ಇಂಥ ಔಷಧಿಯನ್ನು ಬೇರೆ ಕಸದೊಂದಿಗೆ ಸೇರಿಸದೆ 1,200 ಡಿಗ್ರಿಗಿಂತ ಜಾಸ್ತಿ ಶಾಖದಲ್ಲಿ ಸುಡಬೇಕು ಎಂದು ಆಸ್ಪತ್ರೆ ಕಸದ ಬಗೆಗಿನ 2016ರ ನಿಯಮ ಹೇಳುತ್ತದೆ.

ಈಗ ಈ ಮಾತ್ರೆ ನುಂಗುತ್ತಿರುವವರ ಮನೆಯವರಿಗೂ ಒಂದು ಮಾತು. ಇದನ್ನು ಸಾಮಾನ್ಯವಾಗಿ 14 ದಿನ ತೆಗೆದುಕೊಂಡು 7 ದಿನ ಬಿಡುತ್ತಾರೆ. ಅಂಗೈ, ಅಂಗಾಲು ಉರಿ ಬಂದು ಎಷ್ಟೋ ಜನರಿಗೆ ಮಧ್ಯದಲ್ಲೇ ಡೋಸ್ ಇಳಿಸಬೇಕಾಗುತ್ತದೆ. ಹಾಗಾಗಿ ಮೂರು ತಿಂಗಳಿನದು ಒಟ್ಟಿಗೆ ತರಬೇಡಿ. ಒಂದು ಸುತ್ತಿನದು ಸಾಕು.

ಅಮ್ಮಾ, ನೀವು ಸ್ಟ್ರಿಪ್‌ನಿಂದ ಮಾತ್ರೆ ಬಿಡಿಸಬೇಡಿ. ಹಾಗೇ ಒಂದು ಕವರ್‌ನಲ್ಲಿ ಹಾಕಿ, ಮೇಲೆ 'ಕ್ಯಾನ್ಸರ್ ಮಾತ್ರೆ' ಎಂದು ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಮಗನೋ ಅಳಿಯನೋ ಆ ಕಡೆ ಹೋಗುವಾಗ ಕೊಟ್ಟು ಬರಲಿ.