ನಾಲ್ಕು ಲಾರಿ ಇಟ್ಟುಕೊಂಡವರು ಹೊಸ ತಂತ್ರಜ್ಞಾನಕ್ಕೆ ಎಲ್ಲಿಂದ ಕೈ ಹಾಕಬೇಕು?

ಡ್ರೈವರ್ ಇಲ್ಲದ ಲಾರಿಗಳು ಬರುತ್ತಿವೆ, ನನ್ನ ನಾಲ್ಕು ಲಾರಿಗಳನ್ನು ಈಗಲೇ ಮಾರಿಬಿಡಲಾ, ಇಲ್ಲಾ ಸಾಲ ಮಾಡಿ ದೊಡ್ಡ ಸಾಫ್ಟ್‌ವೇರ್ ಹಾಕಿಸಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸದ್ಯಕ್ಕೆ ಎರಡೂ ಬೇಡ ಸರ್.

ಡ್ರೈವರ್ ಇಲ್ಲದ ಲಾರಿ ಸುಳ್ಳಲ್ಲ. ಅಮೆರಿಕದಲ್ಲಿ ಔರೋರಾ ಕಂಪನಿ 2025ರಲ್ಲಿ ಡಲ್ಲಾಸ್ ಮತ್ತು ಹ್ಯೂಸ್ಟನ್ ನಡುವೆ ಅಂಥ ಲಾರಿ ಓಡಿಸಲು ಶುರು ಮಾಡಿತು. ಕೆಲವೇ ವಾರಗಳಲ್ಲಿ, ಲಾರಿ ತಯಾರಕರು ಕೇಳಿಕೊಂಡರು ಅಂತ, ಮುಂದಿನ ಸೀಟಿನಲ್ಲಿ ಮತ್ತೆ ಒಬ್ಬರನ್ನು ಕೂರಿಸಿತು. ಅದಕ್ಕೂ ಮೊದಲು, 2023ರಲ್ಲಿ, ಗೂಗಲ್ ಬಳಗದ ವೇಮೊ ಕಂಪನಿ ಡ್ರೈವರ್ ಇಲ್ಲದ ಲಾರಿ ಕೆಲಸವನ್ನು ಬದಿಗಿಟ್ಟು ಡ್ರೈವರ್ ಇಲ್ಲದ ಟ್ಯಾಕ್ಸಿ ಕಡೆ ಗಮನ ಕೊಟ್ಟಿತು. ಈ ಲಾರಿಗಳಿಗೆ ಮೊದಲು ಒಗ್ಗುವುದು ಒಂದೇ ಹೆದ್ದಾರಿಯಲ್ಲಿ ಹೋಗಿಬರುವ ದೂರದ ಓಟ. ಇಕ್ಕಟ್ಟಿನ ರಸ್ತೆಯಲ್ಲಿ ರಿವರ್ಸ್ ಹಾಕುವುದು, ಟಾರ್ಪಾಲ್ ಬಿಗಿಯುವುದು, ಇಳಿಸುವಾಗ ಮಾಲು ಎಣಿಸಿ ಕೊಡುವುದು, ಇವೆಲ್ಲ ಇನ್ನೂ ಮನುಷ್ಯರ ಕೆಲಸವೇ. ನಿಮ್ಮ ಲೋಡುಗಳಲ್ಲಿ ಯಾವುದು ಬರೀ ಹೆದ್ದಾರಿಯ ಓಟ, ಯಾವುದಕ್ಕೆ ಕೈಕೆಲಸ ಜಾಸ್ತಿ ಅಂತ ವಿಂಗಡಿಸಿ. ಹೊಸ ಗಿರಾಕಿ ಹುಡುಕುವಾಗ ಎರಡನೇ ಥರದ ಕಡೆ ವಾಲಿ.

ಸಣ್ಣ ಮಾಲೀಕರಿಗೆ ಪೆಟ್ಟು ಕೊಡುತ್ತಿರುವ ಬದಲಾವಣೆ ಬೇರೆಯೇ ಇದೆ. ಲೋಡು ಯಾರಿಗೆ ಅಂತ ನಿರ್ಧರಿಸುವ ಕೆಲಸ ಫೋನಿನಿಂದ ಕಂಪ್ಯೂಟರಿಗೆ ಹೋಗುತ್ತಿದೆ. ಲಾರಿ ಈಗ ಎಲ್ಲಿದೆ, ಎಷ್ಟು ಗಂಟೆಗೆ ತಲುಪುತ್ತದೆ, ಸಹಿಯಾದ ರಸೀದಿಯ ಫೋಟೋ ಎಲ್ಲಿ ಅಂತ ದೊಡ್ಡ ಗಿರಾಕಿಗಳು ಕೇಳುತ್ತಾರೆ. ಇದಕ್ಕೆ ತಕ್ಷಣ ಉತ್ತರ ಕೊಡದಿದ್ದರೆ ನಿಮ್ಮ ಹೆಸರು ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಒಳ್ಳೆ ಸುದ್ದಿ ಅಂದರೆ ಇದಕ್ಕೆ ದುಡ್ಡು ಜಾಸ್ತಿ ಬೇಡ. ಒಂದು ಜಿಪಿಎಸ್, ಡ್ರೈವರ್ ಕೈಯಲ್ಲೊಂದು ಸ್ಮಾರ್ಟ್‌ಫೋನ್, ಮಾಲು ಇಳಿಸಿದ ಜಾಗದಲ್ಲೇ ರಸೀದಿಯ ಫೋಟೋ ಕಳಿಸುವ ಅಭ್ಯಾಸ. ರಸೀದಿ ಬೇಗ ಹೋದರೆ ಬಿಲ್ಲೂ ಬೇಗ ಹೋಗುತ್ತದೆ, ದುಡ್ಡಿಗೆ ಕಾಯುವ ದಿನ ಕಡಿಮೆಯಾಗುತ್ತದೆ.

ಇದರ ಜೊತೆಗೆ ಖಾಲಿ ಓಡಾಟದ ಲೆಕ್ಕ ಇಡಿ. ಇದನ್ನು ಬಿಡಲೇಬೇಡಿ. 500 ಕಿಲೋಮೀಟರ್ ಲೋಡಿನಲ್ಲಿ ಹೋಗಿ, ಮುಂದಿನ ಲೋಡಿಗಾಗಿ 200 ಕಿಲೋಮೀಟರ್ ಖಾಲಿ ಬಂದರೆ ಖರ್ಚು ಆಗಿದ್ದು 700ಕ್ಕೆ, ಬಾಡಿಗೆ ಬಂದಿದ್ದು 500ಕ್ಕೆ. ಖಾಲಿ ಲಾರಿ ಸ್ವಲ್ಪ ಕಡಿಮೆ ಡೀಸೆಲ್ ಕುಡಿಯುತ್ತದೆ, ನಿಜ. ಆದರೂ ಕಿಲೋಮೀಟರ್ ಖರ್ಚಿನ ಮೇಲೆ ಸುಮಾರು ಶೇಕಡಾ 40 ಜಾಸ್ತಿ ಸಿಕ್ಕರೆ ಮಾತ್ರ ಹಾಕಿದ ದುಡ್ಡು ವಾಪಸ್ ಬರುತ್ತದೆ, ಲಾಭ ಆಮೇಲಿನ ಮಾತು. ಲಾರಿಗೆ ಲೋಡು ಹುಡುಕಿಕೊಡುವ ಆ್ಯಪ್‌ಗಳಲ್ಲಿ ಕಾಣುವ ದರ ನೋಡಿ ಒಪ್ಪಿಕೊಳ್ಳುವವರು ಎಡವುವುದು ಇಲ್ಲೇ. ನಿಮ್ಮ ಸ್ವಂತ ಲೆಕ್ಕ ಕೈಯಲ್ಲಿದ್ದರೆ ಆ್ಯಪ್ ನಿಮಗೆ ಉಪಕಾರಿ, ಇಲ್ಲದಿದ್ದರೆ ಅದು ಹೇಳಿದ ದರವೇ ದರ. ಈ ಲೆಕ್ಕಕ್ಕೆ ಒಂದು ಎಕ್ಸೆಲ್ ಹಾಳೆ ಸಾಕು.

ಡೀಸೆಲ್ ವಿಷಯದಲ್ಲಿ ಜಿಪಿಎಸ್ ವರದಿಯ ಎರಡು ಸಾಲು ಮಾತ್ರ ನೋಡಿ: ನಿಂತಲ್ಲೇ ಎಂಜಿನ್ ಓಡಿದ ಹೊತ್ತು, ಮತ್ತು ವೇಗ. ದೊಡ್ಡ ಲಾರಿ ಸುಮ್ನೆ ನಿಂತು ಎಂಜಿನ್ ಓಡಿಸಿದರೆ ಗಂಟೆಗೆ ಸುಮಾರು 3 ಲೀಟರ್ ಸುಡುತ್ತದೆ. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಟೈರ್ ಗಾಳಿ ಕಡಿಮೆಯಿದ್ದರೆ ಡೀಸೆಲ್ಲೂ ಹೋಗುತ್ತದೆ, ಟೈರೂ ಬೇಗ ಸವೆಯುತ್ತದೆ.

ಆದರೆ ಈ ವರದಿ ಹಿಡಿದು ಡ್ರೈವರ್‌ಗಳ ಮೇಲೆ ಹರಿಹಾಯಬೇಡಿ. ಜಿಪಿಎಸ್ ಯಾಕೆ ಹಾಕಿಸುತ್ತಿದ್ದೇವೆ, ಅದರ ವರದಿ ಯಾರು ನೋಡುತ್ತಾರೆ ಅಂತ ಮೊದಲೇ ಕೂರಿಸಿ ಹೇಳಿ. ಉಳಿದ ಡೀಸೆಲ್ ದುಡ್ಡಿನಲ್ಲಿ ಅವರಿಗೂ ಪಾಲು ಕೊಡಿ. ಕ್ಯಾಮೆರಾ ಹಾಕಿಸುವುದಾದರೆ ರಸ್ತೆ ಕಡೆಗಿನದರಿಂದ ಶುರು ಮಾಡಿ. ಅಪಘಾತದಲ್ಲಿ ತಪ್ಪು ನಮ್ಮದಲ್ಲ ಅಂತ ತೋರಿಸಲು ಅದು ಡ್ರೈವರ್‌ಗೇ ಆಸರೆ. ಇವತ್ತು ಒಳ್ಳೆಯ ಡ್ರೈವರ್ ಬಿಟ್ಟು ಹೋದರೆ ಆಗುವ ನಷ್ಟವನ್ನು ಯಾವ ಯಂತ್ರವೂ ತುಂಬಿಕೊಡುವುದಿಲ್ಲ.

ಸಾಫ್ಟ್‌ವೇರ್ ಮಾರಲು ಬಂದವರನ್ನು ಮೂರು ವಿಷಯ ಕೇಳಿ. ಒಂದೇ ಲಾರಿಗೆ ಹಾಕಿ ನೋಡಬಹುದಾ? ಒಪ್ಪಂದ ತಿಂಗಳದ್ದಾ, ವರ್ಷಗಳದ್ದಾ? ಬಿಟ್ಟು ಹೋಗುವಾಗ ನನ್ನ ಟ್ರಿಪ್ ಮತ್ತು ಗಿರಾಕಿಗಳ ಮಾಹಿತಿ ಪೂರ್ತಿ ನನ್ನ ಕೈಗೆ ಸಿಗುತ್ತದಾ? ಕೊನೆಯದಕ್ಕೆ ಬರವಣಿಗೆಯಲ್ಲಿ ಹೌದು ಅನ್ನದಿದ್ದರೆ ಕೈಬಿಡಿ.

ಮುಂದೆ ಲಾರಿ ಬದಲಿಸುವಾಗ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಇರುವುದನ್ನೇ ನೋಡಿ. ಇಂಥ ಹಲವು ಲಾರಿಗಳಲ್ಲಿ ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇರುತ್ತದೆ. ಗಾಜು ಬದಲಿಸಿದರೆ ಆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಆ ಖರ್ಚನ್ನು ವಿಮೆಯವರು ಕೊಡುತ್ತಾರಾ ಅಂತ ಮೊದಲೇ ವಿಚಾರಿಸಿ.

ಸದ್ಯಕ್ಕೆ ಈ ತಿಂಗಳ ಲೋಡಿನ ಮತ್ತು ಖಾಲಿ ಕಿಲೋಮೀಟರ್‌ಗಳನ್ನು ನಾಲ್ಕೂ ಲಾರಿಗೆ ಬೇರೆ ಬೇರೆ ಬರೆದು ಇಲ್ಲಿ ಹಾಕಿ. ಮೊದಲು ಯಾವ ಲಾರಿಗೆ ಏನು ಮಾಡಬಹುದು ಅಂತ ಕೂತು ನೋಡೋಣ.