ಗುಂಡಿನ ಬೆಲೆ, ಹಿಡಿಯ ಬೆಲೆ

ಪ್ರಶ್ನೆ: ನಾನು ಸಾಗರದ ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಯಸ್ಸು 43. ಮಳೆಗಾಲ ಹಿಡಿದರೆ ಬೆಳಗಿನ ನಡಿಗೆ ನಾಲ್ಕು ತಿಂಗಳು ನಿಂತೇ ಹೋಗುತ್ತದೆ. ಜಿಮ್‌ಗೆ ಹೋಗಿಬರಲು ಸಮಯವಿಲ್ಲ. ಹಾಗಾಗಿ ಮನೆಯಲ್ಲಿಯೇ ಕೆಟಲ್‌ಬೆಲ್ (ಮೇಲೆ ಹಿಡಿಯಿರುವ ತೂಕದ ಗುಂಡು) ಹಿಡಿದು ವ್ಯಾಯಾಮ ಮಾಡಬೇಕೆಂದು ನಾನೂ ನನ್ನ ಪತ್ನಿಯೂ ತೀರ್ಮಾನಿಸಿದ್ದೇವೆ. ಆನ್‌ಲೈನ್‌ನಲ್ಲಿ ನೋಡಿದಾಗ ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಮೆಂಟ್ ತುಂಬಿದ 4, 6 ಮತ್ತು 8 ಕಿಲೋಗಳ ಮೂರರ ಸೆಟ್ ₹1,900ಕ್ಕೆ ಸಿಗುತ್ತಿದೆ. ಕಬ್ಬಿಣದ್ದಾದರೆ 8 ಕಿಲೋಗೆ ₹1,600, 12 ಕಿಲೋಗೆ ₹2,300, 16 ಕಿಲೋಗೆ ₹3,000. ‘ಕಾಂಪಿಟಿಷನ್’ ಎಂದು ಬರೆದಿರುವ 16 ಕಿಲೋದ ಒಂದಕ್ಕೇ ₹6,500. ನಮ್ಮ ಮಿತಿ ₹4,000. ಇಷ್ಟೊಂದು ವ್ಯತ್ಯಾಸ ಏಕೆ? ನಾವು ಯಾವುದನ್ನು ಕೊಳ್ಳುವುದು ಒಳ್ಳೆಯದು?

ಉತ್ತರ: ನೀವು ಬರೆದಿರುವ ಬೆಲೆಗಳನ್ನು ಮೊದಲು ಕಿಲೋ ಲೆಕ್ಕಕ್ಕೆ ಇಳಿಸಿ ನೋಡೋಣ, ಲೆಕ್ಕದವರಾದ ನಿಮಗೆ ಇದು ಹಿಡಿಸೀತು. ಸಿಮೆಂಟಿನ ಸೆಟ್‌ನಲ್ಲಿ ಕಿಲೋಗೆ ಸುಮಾರು ₹105 ಬೀಳುತ್ತದೆ, ಕಬ್ಬಿಣದ್ದರಲ್ಲಿ ₹188ರಿಂದ ₹200, ಕಾಂಪಿಟಿಷನ್ ಮಾದರಿಯಲ್ಲಿ ₹400ಕ್ಕೂ ಮೇಲೆ. ಬರೀ ತೂಕವೇ ಬೇಕಿದ್ದರೆ ತೋಟದ ಬದಿಯ ಕಲ್ಲುಗುಂಡು ಪುಕ್ಕಟೆಯಾಗಿ ಸಿಗುತ್ತದೆ, ಗರಡಿ ಮನೆಯ ಹಳಬರು ಅದನ್ನೇ ಎತ್ತಿ ಮೈ ಬೆಳೆಸಿದವರು. ಕೆಟಲ್‌ಬೆಲ್‌ಗೆ ಹಣ ಕೊಡುವುದು ಅದಕ್ಕೆ ಹಿಡಿ ಇದೆ ಎಂಬ ಕಾರಣಕ್ಕೆ. ಆದ್ದರಿಂದ ಬೆಲೆ ಹೆಚ್ಚಾದಾಗ ಆ ಹೆಚ್ಚಿನ ಹಣ ಹಿಡಿಗೆ ಹೋಗಿದೆಯೋ, ಬಣ್ಣಕ್ಕೆ ಮತ್ತು ಹೆಸರಿಗೆ ಹೋಗಿದೆಯೋ ಎಂದು ನೋಡುವುದೇ ಇಲ್ಲಿ ಮಾಡಬೇಕಾದ ಕೆಲಸ.

ಸಿಮೆಂಟಿನದ್ದನ್ನು ನಾನು ಬೇಡವೆನ್ನುವುದು ಅದು ಅಗ್ಗವೆಂದಲ್ಲ. ಬೀಡು ಕಬ್ಬಿಣವು ಅಷ್ಟೇ ಗಾತ್ರದ ಸಿಮೆಂಟಿಗಿಂತ ಸುಮಾರು ಮೂರು ಪಟ್ಟು ಭಾರ. ಗುಂಡನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ 8 ಕಿಲೋದ ಕಬ್ಬಿಣದ ಗುಂಡು ಸುಮಾರು 13 ಸೆಂಟಿಮೀಟರ್ ಅಡ್ಡಗಲದಲ್ಲಿ ಮುಗಿಯುತ್ತದೆ, ಅದೇ ತೂಕದ ಸಿಮೆಂಟಿನ ಗುಂಡು 19 ಸೆಂಟಿಮೀಟರ್‌ವರೆಗೆ ಉಬ್ಬುತ್ತದೆ. ಕೆಟಲ್‌ಬೆಲ್‌ನ ಮುಖ್ಯ ವ್ಯಾಯಾಮವಾದ ಸ್ವಿಂಗ್‌ನಲ್ಲಿ ಗುಂಡು ಎರಡು ತೊಡೆಗಳ ನಡುವೆ ಹಿಂದಕ್ಕೆ ಹೋಗಿ ಬರಬೇಕು. ಅಷ್ಟು ದಪ್ಪದ್ದು ಮೊಣಕಾಲಿಗೆ ತಾಗುತ್ತದೆಂಬ ಅಳುಕಿನಿಂದ ಕಲಿಯುವವರು ಕಾಲನ್ನು ಅತಿಯಾಗಿ ಅಗಲಿಸಿ ನಿಲ್ಲುತ್ತಾರೆ, ಅಲ್ಲಿಂದ ಭಂಗಿಯೇ ಕೆಡುತ್ತದೆ. ಇನ್ನೊಂದು ಆತಂಕ ಹಿಡಿಯದು. ಎದೆಯ ಮಟ್ಟದಿಂದ ಕೆಳಗೆ ಬೀಸಿ ಬರುವ ಗುಂಡು ಹಿಡಿಯನ್ನು ಜಗ್ಗುವ ಬಲವು ನಿಂತ ತೂಕದ ಎರಡು ಪಟ್ಟನ್ನು ಸುಲಭವಾಗಿ ದಾಟುತ್ತದೆ. ಪ್ಲಾಸ್ಟಿಕ್ಕಿನ ಹಿಡಿ ಅದನ್ನು ಒಂದು ದಿನ ತಡೆದೀತು, ನೂರು ದಿನ ತಡೆದೀತೆಂಬ ಭರವಸೆ ನನಗಿಲ್ಲ. ಅಲ್ಲದೆ ಆ ಸೆಟ್‌ನಲ್ಲಿರುವ 4 ಮತ್ತು 6 ಕಿಲೋಗಳು ನಿಮ್ಮಿಬ್ಬರಿಗೂ ಸ್ವಿಂಗ್‌ಗೆ ತೀರ ಹಗುರ. ಹಗುರವಾದದ್ದನ್ನು ಸೊಂಟದಿಂದ ಬೀಸುವ ಬದಲು ತೋಳಿನಿಂದ ಎತ್ತುವ ಅಭ್ಯಾಸ ಬೀಳುತ್ತದೆ, ಬಿದ್ದ ಅಭ್ಯಾಸ ಆಮೇಲೆ ಬಿಡುವುದಿಲ್ಲ. ಮೂರು ಸಿಕ್ಕಿತೆಂಬ ಲಾಭದಲ್ಲಿ ಎರಡು ಬಾಗಿಲಿಗೆ ಅಡ್ಡ ಇಡಲಷ್ಟೇ ಬಂದಾವು.

ಕಾಂಪಿಟಿಷನ್ ಮಾದರಿಯ ವಿಷಯ ಬೇರೆ. ರಷ್ಯಾದಲ್ಲಿ ಧಾನ್ಯ ತೂಗುವ ತೂಕದ ಕಲ್ಲಾಗಿದ್ದ ಕೆಟಲ್‌ಬೆಲ್ ಅಲ್ಲಿ ಎತ್ತುವ ಆಟವಾಗಿ ಬೆಳೆಯಿತು. ಅಲ್ಲಿನ ಹಳೆಯ ತೂಕ ‘ಪೂದ್’, ಅಂದರೆ 16.38 ಕಿಲೋ, ಕೆಟಲ್‌ಬೆಲ್‌ಗಳು 16, 24, 32 ಎಂದು ಏರುವುದರ ಮೂಲ ಅದೇ. ಆ ಸ್ಪರ್ಧೆಯಲ್ಲಿ ಹತ್ತು ನಿಮಿಷ ಗುಂಡನ್ನು ಕೆಳಗಿಡದೆ ಎತ್ತಬೇಕಾದ್ದರಿಂದ, ತೂಕ ಎಷ್ಟೇ ಇರಲಿ, ಗುಂಡಿನ ಗಾತ್ರವೂ ಹಿಡಿಯ ಆಕಾರವೂ ಒಂದೇ ಇರುವಂತೆ ಉಕ್ಕಿನಲ್ಲಿ ಮಾಡುತ್ತಾರೆ. 16 ಕಿಲೋಗೆ ಹಳದಿ, 24ಕ್ಕೆ ಹಸಿರು, 32ಕ್ಕೆ ಕೆಂಪು ಎಂದು ಬಣ್ಣದ ಗುರುತೂ ಇದೆ. 16ರಿಂದ 20ಕ್ಕೆ, 20ರಿಂದ 24ಕ್ಕೆ ಏರುವವರಿಗೆ ಮುಂಗೈಯ ಮೇಲೆ ಗುಂಡು ಕೂರುವ ಜಾಗ ಬದಲಾಗದಿರುವುದು ದೊಡ್ಡ ಅನುಕೂಲ. ಒಂದೋ ಎರಡೋ ಗುಂಡು ಇಟ್ಟುಕೊಳ್ಳುವ ಮನೆಗೆ ಆ ಅನುಕೂಲದ ಬೆಲೆ ದಂಡ. ಅದರಲ್ಲೂ ಅಗ್ಗದ ಕಾಂಪಿಟಿಷನ್ ಮಾದರಿಗಳಲ್ಲಿ ಟೊಳ್ಳಾದ ಒಡಲಿಗೆ ಸಡಿಲವಾದ ತುಂಬು ಹಾಕಿರುವುದುಂಟು. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಣ ಅಡಿಕೆಯ ಹಾಗೆ ಗಡಗಡ ಎನ್ನುತ್ತದೆ. ಅಂಥದ್ದಕ್ಕಿಂತ ಅರ್ಧ ಬೆಲೆಯ ಬೀಡು ಕಬ್ಬಿಣದ್ದು ಎಷ್ಟೋ ಮೇಲು.

ಹಾಗಾಗಿ ನಿಮ್ಮ ಆಯ್ಕೆ ಕಬ್ಬಿಣದ್ದೇ ಆಗಲಿ. ಆದರೆ ಕಬ್ಬಿಣದ್ದೆಲ್ಲ ಒಂದೇ ಅಲ್ಲ. ಗುಂಡೂ ಹಿಡಿಯೂ ಒಂದೇ ಎರಕದಲ್ಲಿ ಬಂದಿರಬೇಕು. ಗುಂಡಿನ ಮೇಲೆ ಬಾಗಿದ ಸರಳನ್ನು ವೆಲ್ಡಿಂಗ್ ಮಾಡಿ ಕೂರಿಸಿದ್ದಾದರೆ, ಬೆಸುಗೆ ಎಷ್ಟೇ ಚೆನ್ನಾಗಿ ಕಂಡರೂ, ಬಿಟ್ಟುಬಿಡಿ. ಹಿಡಿಯ ಅಡಿಭಾಗದಲ್ಲಿ, ಬೆರಳುಗಳು ಸುತ್ತಿಕೊಳ್ಳುವ ಕಡೆ, ಎರಕದ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಇರುತ್ತದೆ. ಒಳ್ಳೆಯ ತಯಾರಕರು ಅದನ್ನು ಉಜ್ಜಿ ತೆಗೆದಿರುತ್ತಾರೆ, ಅಗ್ಗದವರು ಅದರ ಮೇಲೆಯೇ ದಪ್ಪಗೆ ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಕಾಯಿಸಿ ಹಿಡಿಸಿದ ಲೇಪ) ಹಾಕಿ ಮುಚ್ಚುತ್ತಾರೆ.

ಇದನ್ನು ನಾನು ಕೈಯಾರೆ ಕಲಿತೆ. ನಾನು ಮೊದಲು ಕೊಂಡ 12 ಕಿಲೋದ ಗುಂಡು ನೋಡಲು ಕಪ್ಪಗೆ ಮಿರುಗುತ್ತಿತ್ತು. ಮೂರನೆಯ ವಾರದಲ್ಲಿ ಹಿಡಿಯ ಒಳಮೈಯ ಕೋಟಿಂಗ್ ಅಕ್ಕಿಕಾಳಿನಷ್ಟು ಎದ್ದುಬಂತು. ಅದರಡಿಯಲ್ಲಿದ್ದ ಗೆರೆ ಉಂಗುರದ ಬೆರಳಿನ ಬುಡದ ಚರ್ಮವನ್ನು ಸೀಳಿತು. ಆ ಗಾಯ ಮಾಗುವವರೆಗೆ ಹತ್ತು ದಿನ ಊಟವನ್ನೂ ಚಮಚದಲ್ಲಿ ಮಾಡಿದ್ದಾಯಿತು. ಸಂಶಯ ಬಂದು ನೆರೆಮನೆಯವರ ಅಡಿಕೆ ತೂಗುವ ಯಂತ್ರದ ಮೇಲೆ ಇಟ್ಟು ನೋಡಿದರೆ 12 ಕಿಲೋ ಎಂದು ಅಚ್ಚೊತ್ತಿದ್ದು 11 ಕಿಲೋ 300 ಗ್ರಾಂ ಇತ್ತು. ತೂಕದಲ್ಲಿ ಮೋಸ ಹೋದದ್ದಕ್ಕಿಂತ, ಹತ್ತು ರೂಪಾಯಿಯ ಎಮರಿ ಕಾಗದದಲ್ಲಿ ಮೊದಲ ದಿನವೇ ಮುಗಿಯಬಹುದಾಗಿದ್ದ ಕೆಲಸಕ್ಕೆ ಚರ್ಮ ತೆತ್ತೆನಲ್ಲ ಎಂಬುದೇ ನನಗೆ ಹೆಚ್ಚು ನಾಚಿಕೆಯಾದ ಸಂಗತಿ. ಆಮೇಲೆ ಸಣ್ಣ ಅರದಿಂದ ಗೆರೆಯನ್ನು ಸವೆಸಿ, ಎಮರಿ ಕಾಗದದಲ್ಲಿ ನುಣುಪು ಮಾಡಿದೆ. ಇಂದಿಗೂ ಅದೇ ಗುಂಡು ಬಳಕೆಯಲ್ಲಿದೆ.

ಸಾಧ್ಯವಾದರೆ ಶಿವಮೊಗ್ಗಕ್ಕೆ ಬಂದ ದಿನ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ಹೋಗುವಾಗ ಜೇಬಿನಲ್ಲಿ ಒಂದು ಹಳೆಯ ನೂಲಿನ ಬಟ್ಟೆಯ ತುಂಡೂ ದರ್ಜಿಯ ಟೇಪೂ ಇರಲಿ. ಬಟ್ಟೆಯನ್ನು ಹಿಡಿಯೊಳಗೆ ತೂರಿಸಿ ಸುತ್ತಲೂ ಎಳೆದಾಗ ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಕೈಯೂ ಸಿಕ್ಕಿಕೊಳ್ಳುತ್ತದೆ. ಟೇಪಿನಿಂದ ಹಿಡಿಯ ಸುತ್ತಳತೆ ನೋಡಿ; ಸ್ಪರ್ಧೆಯ ಮಾದರಿಯಲ್ಲಿ ಹಿಡಿಯ ದಪ್ಪ 33ರಿಂದ 35 ಮಿಲಿಮೀಟರ್, ಅಂದರೆ ಸುತ್ತಳತೆ ಸುಮಾರು ಹತ್ತೂವರೆಯಿಂದ ಹನ್ನೊಂದು ಸೆಂಟಿಮೀಟರ್ ಬರುತ್ತದೆ. ನಿಮ್ಮ ಪತ್ನಿಯವರ ಕೈ ಚಿಕ್ಕದಾದರೆ ಅವರ ಗುಂಡಿಗೆ ಅದಕ್ಕಿಂತ ಸ್ವಲ್ಪ ಸಣ್ಣದೇ ಹಿತ. ಅವರನ್ನೇ ಕರೆದುಕೊಂಡು ಹೋಗಿ, ಅವರ ಪರವಾಗಿ ನೀವು ಹಿಡಿದು ನೋಡುವುದರಿಂದ ಪ್ರಯೋಜನವಿಲ್ಲ. ಎರಡು ಕೈಗಳೂ ಒತ್ತಟ್ಟಿಗೆ ಹಿಡಿಯಲು ಜಾಗವಿದೆಯೇ, ಒಂದೇ ಕೈಯಲ್ಲಿ ಎತ್ತಿ ಎದೆಯ ಬಳಿ ತಂದಾಗ ಗುಂಡು ಮುಂಗೈಯ ಮೇಲೆ ಕೂರುತ್ತದೆಯೇ, ಇಲ್ಲವೇ ಮಣಿಕಟ್ಟಿನ ಎಲುಬನ್ನೇ ಒತ್ತುತ್ತದೆಯೇ ಎಂದು ನೋಡಿ. ನೆಲದ ಮೇಲಿಟ್ಟಾಗ ಅಲುಗಬಾರದು. ಹಿಡಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಗುಣವಲ್ಲ, ಬೆವರಿದ ಕೈಗೆ ಜಾರುವ ಲಕ್ಷಣ. ಸ್ವಲ್ಪ ಒರಟಾದ ಮಂದ ಕೋಟಿಂಗ್ ವಾಸಿ.

ಆನ್‌ಲೈನ್‌ನಲ್ಲಿಯೇ ತರಿಸುವುದಾದರೆ ಚಿತ್ರ ನೋಡಿ ಮರುಳಾಗದೆ, ಕೊಂಡವರು ಹಿಡಿಯ ಒಳಮೈಯ ಫೋಟೊ ಹಾಕಿದ್ದಾರೆಯೇ ಎಂದು ಹುಡುಕಿ. ಮರಳಿ ಕಳಿಸುವ ಖರ್ಚು ಯಾರದ್ದು ಎಂಬುದನ್ನು ಮೊದಲೇ ಓದಿಕೊಳ್ಳಿ; ಹನ್ನೆರಡು ಕಿಲೋದ ಪಾರ್ಸೆಲ್ ಹಿಂದಕ್ಕೆ ಕಳಿಸುವ ಸಾಗಣೆಯಲ್ಲಿ ನಿಮಗೆ ಸಿಕ್ಕ ರಿಯಾಯಿತಿಯೆಲ್ಲ ಕರಗಿಹೋಗುತ್ತದೆ. ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿಟ್ಟುಕೊಳ್ಳುವುದು ಜಾಣತನ.

ತೂಕದ ಮಾತಿಗೆ ಬಂದರೆ, ಆರೋಗ್ಯವಾಗಿರುವ ಗಂಡಸರಿಗೆ 12 ಅಥವಾ 16, ಹೆಂಗಸರಿಗೆ 8 ಅಥವಾ 12 ಕಿಲೋದಿಂದ ಆರಂಭಿಸುವುದು ರೂಢಿ. ಕುಳಿತು ಕೆಲಸ ಮಾಡುವ ನೀವು 12 ಕಿಲೋ, ನಿಮ್ಮ ಪತ್ನಿಯವರು 8 ಕಿಲೋ ತೆಗೆದುಕೊಂಡರೆ ಒಟ್ಟು ₹3,900 ಆಗುತ್ತದೆ. ಮಿಕ್ಕ ನೂರು ರೂಪಾಯಿಗೆ ಎಮರಿ ಕಾಗದ ತನ್ನಿ. ಅಭ್ಯಾಸ ಕೂಡಿಬಂದ ಮೇಲೆ 12 ಕಿಲೋದ್ದು ಅವರ ಕೈಗೆ ಹೋಗಲಿ, ಆಗ ನಿಮಗಾಗಿ 16 ಕಿಲೋದ್ದೊಂದನ್ನು ತಂದರೆ ಹಿಂದಿನ ಯಾವುದೂ ಮೂಲೆಗೆ ಬೀಳುವುದಿಲ್ಲ. ಸೊಂಟನೋವಿನ ಹಿನ್ನೆಲೆಯಿದ್ದರೆ ವೈದ್ಯರಿಗೆ ತೋರಿಸದೆ ಸ್ವಿಂಗ್ ಆರಂಭಿಸಬೇಡಿ. ಹಾಗೆಯೇ, ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಖಂಡಿತ ಬೇಡ; ಜಗಲಿಯ ಮೇಲಾದರೆ ದಪ್ಪನೆಯ ರಬ್ಬರ್ ಮ್ಯಾಟ್ ಹಾಸಿಕೊಳ್ಳಿ, ಕೆಂಪು ಗಾರೆಯ ಹಳೆಯ ನೆಲ ಒಮ್ಮೆ ಸೀಳಿದರೆ ಅದನ್ನು ಸರಿಪಡಿಸುವವರು ಈಗ ಸಿಗುವುದು ಕಷ್ಟ.

ಪ್ರಶ್ನೆ: ನಾನು ಭದ್ರಾವತಿಯವನು. ನಮ್ಮ ಸುತ್ತಮುತ್ತ ಇಷ್ಟೊಂದು ಫೌಂಡ್ರಿಗಳಿರುವಾಗ ದೂರದಿಂದ ಕೆಟಲ್‌ಬೆಲ್ ತರಿಸುವುದೇಕೆ? ಇಲ್ಲಿಯೇ ಎರಕ ಹೊಯ್ಯಿಸಿದರೆ ಅಗ್ಗವಾಗುವುದಿಲ್ಲವೇ?

ಉತ್ತರ: 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಊರಿನವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಆಗುತ್ತದೆ, ಆದರೆ ಒಂದಕ್ಕೆ ಆಗುವುದಿಲ್ಲ. ಎರಕಕ್ಕೆ ಮೊದಲು ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಮಾಡಿಸಬೇಕು. ಮರದ್ದೇ ಆದರೂ ಅದರ ಕೂಲಿ ಒಂದು ಗುಂಡಿನ ಬೆಲೆಗಿಂತ ಹೆಚ್ಚಾಗಬಹುದು. ಹತ್ತೋ ಹದಿನೈದೋ ಮಂದಿ ಸೇರಿ ಒಂದೇ ತೂಕದ್ದನ್ನು ಹೊಯ್ಯಿಸಿದರೆ ಆ ಖರ್ಚು ಹಂಚಿಹೋಗುತ್ತದೆ. ಸಣ್ಣ ಬಿಡಿ ಕೆಲಸವನ್ನು ಎಲ್ಲ ಫೌಂಡ್ರಿಗಳೂ ಹಿಡಿಯುವುದಿಲ್ಲ, ಆದ್ದರಿಂದ ಮೊದಲು ಮಾತಾಡಿ ನೋಡಿ.

ಹೊಯ್ಯಿಸುವುದಾದರೆ ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ. ಸಾಮಾನ್ಯ ಬೀಡು ಒತ್ತಡ ತಡೆಯುತ್ತದೆ, ಎಳೆತಕ್ಕೆ ಅಷ್ಟು ಗಟ್ಟಿಯಲ್ಲ. ಕಲ್ಲಿನ ಮೇಲೆ ಬಿದ್ದರೆ ಹಿಡಿ ಸಿಡಿಯಬಹುದು. ಎಸ್‌ಜಿ ಐರನ್ ಎಂದು ಫೌಂಡ್ರಿಯವರು ಕರೆಯುವ ಬೀಡಿನ ಬಗೆ ಇದಕ್ಕಿಂತ ತಾಳಿಕೆಯದ್ದು, ದರ ಹೆಚ್ಚು. ಹಿಡಿ ಗುಂಡನ್ನು ಸೇರುವ ಎರಡು ಕಡೆ ತೆಳು ಭಾಗ ಬೇಗ ಆರಿ, ದಪ್ಪ ಭಾಗ ನಿಧಾನವಾಗಿ ಆರುವುದರಿಂದ ಒಳಗೆ ಪೊಳ್ಳು ಉಳಿಯುವ ಸಂಭವವಿದೆ. ಮೂಲೆಯನ್ನು ಚೂಪಾಗಿ ಬಿಡದೆ ದುಂಡಗೆ ತಿರುಗಿಸಲು ಪ್ಯಾಟರ್ನ್ ಮಾಡುವವರಿಗೆ ಹೇಳಿ. ಬಂದ ಮೇಲೆ ಆ ಜಾಗದಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ಅದನ್ನು ಹಿಂದಕ್ಕೆ ಕೊಡಿ. ಹಿಡಿಯ ಫೆಟ್ಲಿಂಗ್‌ಗೆ, ಅಂದರೆ ಗೆರೆ ತೆಗೆದು ನುಣುಪು ಮಾಡುವುದಕ್ಕೆ, ಬೇರೆಯಾಗಿ ಕೂಲಿ ಮಾತಾಡಿ. ‘ಅದೂ ಸೇರಿದೆ’ ಎಂದವರ ಕೆಲಸದಲ್ಲಿ ಹೊರಮೈ ಉಜ್ಜಿರುತ್ತದೆ, ಹಿಡಿಯ ಒಳಮೈ ಹಾಗೆಯೇ ಉಳಿದಿರುತ್ತದೆ.

ಪ್ರಶ್ನೆ: ಆಗುಂಬೆಯ ಹತ್ತಿರದ ನಮ್ಮ ಮನೆಯಲ್ಲಿ ಜೂನ್ ಬಂದರೆ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಕಬ್ಬಿಣದ ಕೆಟಲ್‌ಬೆಲ್ ತುಕ್ಕು ಹಿಡಿಯದಂತೆ ರಬ್ಬರಿನಂಥ ವಿನೈಲ್ ಹೊದಿಕೆಯದ್ದನ್ನು ಕೊಳ್ಳಲೇ?

ಉತ್ತರ: ಬೇಡ. ವಿನೈಲ್ ಹೊದಿಕೆ ಹಿಡಿಯ ಬುಡದಲ್ಲಿ ಮುಗಿಯುತ್ತದೆ. ಬೆವರೂ ತೇವವೂ ಆ ಸಂದಿಯಿಂದ ಇಳಿದು ಒಳಗೇ ಉಳಿಯುತ್ತವೆ, ತುಕ್ಕು ನಿಮ್ಮ ಕಣ್ಣಿಗೆ ಕಾಣದೆ ಬೆಳೆಯುತ್ತದೆ. ಪೌಡರ್ ಕೋಟಿಂಗ್‌ನದ್ದಾದರೆ ಕೋಟಿಂಗ್ ಎದ್ದ ಕಡೆಯಷ್ಟೇ ತುಕ್ಕು ಬರುತ್ತದೆ, ಬಂದದ್ದು ಕಾಣುತ್ತದೆ. ವ್ಯಾಯಾಮ ಮುಗಿದ ಕೂಡಲೇ ಒಣಬಟ್ಟೆಯಿಂದ ಒರೆಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಮಳೆ ಹಿಡಿಯುವ ಮುಂಚೆ ಕತ್ತಿ, ಕೊಡಲಿಗಳಿಗೆ ಎಣ್ಣೆ ಸವರುವ ದಿನವೇ ಗುಂಡಿಗೂ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ತುಕ್ಕು ಬಂದೇ ಬಿಟ್ಟರೆ ತಂತಿಯ ಬ್ರಷ್‌ನಿಂದ ಉಜ್ಜಿ ತೆಗೆದು, ಒಲೆಯ ಬಳಿ ಸ್ವಲ್ಪ ಹೊತ್ತು ಬಿಸಿಯಾಗಲು ಬಿಟ್ಟು, ಆರಿದ ಮೇಲೆ ಎಣ್ಣೆ ಹಚ್ಚಿ. ಹಿಡಿಗೆ ಮಾತ್ರ ಎಣ್ಣೆಯೂ ಬೇಡ, ಬಣ್ಣವೂ ಬೇಡ. ಅಲ್ಲಿ ತುಕ್ಕಿನ ಪುಡಿ ಕಂಡಾಗಲೆಲ್ಲ ಎಮರಿ ಕಾಗದದಲ್ಲಿ ಎರಡು ಸಲ ಉಜ್ಜಿ ಒರೆಸಿದರೆ ಆಯಿತು. ದಿನವೂ ಹಿಡಿಯುವ ಹಿಡಿಗೆ ಕೈಯೇ ಮೆರುಗು ಕೊಡುತ್ತದೆ, ತೋಟದ ಹಾರೆಯನ್ನು ನೋಡಿದರೆ ನಿಮಗೇ ತಿಳಿದೀತು.